ಹಾಲಿನ ಲೆಕ್ಕದ ಪಕ್ಕ ನೀರಿನ ಲೆಕ್ಕ

ಬಸ್ಸಲ್ಲಿ ಕೂತು ಕೇಳ್ತಿರೋರು, ಪಾತ್ರೆ ತೊಳೀತಾ ಕೇಳ್ತಿರೋರು, ರಾತ್ರಿ ನಿದ್ದೆ ಬರ್ದೆ ಕೇಳ್ತಿರೋರು, ಎಲ್ರಿಗೂ ಸ್ವಾಗತ. ಪಾತ್ರೆ ತೊಳೀತಿರೋರು ದಯವಿಟ್ಟು ನಲ್ಲಿ ಒಂದ್ಸಲ ನಿಲ್ಸಿ. ಇವತ್ತಿನ ಮಾತು ಅದರ ಬಗ್ಗೆನೇ.

ನಮ್ಮಮ್ಮನ ಹತ್ರ ಒಂದು ಲೆಕ್ಕದ ಪುಸ್ತಕ ಇದೆ. ಹಾಲು, ಗ್ಯಾಸು, ದಿನಸಿ, ಕರೆಂಟು ಎಲ್ಲಕ್ಕೂ ಗೆರೆ ಎಳೆದು ಬರೀತಾರೆ. 2024ರ ಮಾರ್ಚ್ ಕೊನೆಯಲ್ಲಿ ಪುಸ್ತಕ ತಂದು ನನ್ನ ಮುಂದೆ ಇಟ್ಟರು. "ಬಿಕಾಂ ಓದಿದೀಯಲ್ಲ, ಸ್ವಲ್ಪ ಕೂಡಿ ಹೇಳೇ. ಹಾಲಿಗಿಂತ ನೀರಿಗೇ ಜಾಸ್ತಿ ಆಗಿದ್ಯಾ, ಇಲ್ಲ ನನ್ನ ಲೆಕ್ಕ ತಪ್ಪಿದ್ಯಾ?"

ಅಮ್ಮನ ಲೆಕ್ಕ ತಪ್ಪಿರಲಿಲ್ಲ.

ನಾವಿರೋದು ಬೆಂಗಳೂರಿನ ಪೂರ್ವದ ಅಂಚಲ್ಲಿ, ವರ್ತೂರಿನ ಆಚೆ. ಬಿಲ್ಡಿಂಗಲ್ಲಿ ನಾಲ್ಕು ಮನೆ. ಫೆಬ್ರವರಿಯಲ್ಲೇ ಬೋರ್ ಬತ್ತಿತ್ತು. ಮಾರ್ಚಲ್ಲಿ ಒಂಬತ್ತು ಟ್ಯಾಂಕರ್ ತರಿಸಿದ್ವಿ, ಒಂದೊಂದೂ 6,000 ಲೀಟರ್. ಒಂದಕ್ಕೆ ₹1,500. ನಾಲ್ಕು ಮನೆಗೆ ಹಂಚಿದ್ರೆ ನಮ್ಮ ಪಾಲು ₹3,375. ಹಾಲಿಗೆ ಆ ತಿಂಗಳು ಎರಡು ಸಾವಿರವೂ ಆಗಿರಲಿಲ್ಲ.

ಆಮೇಲೆ ನನ್ನ ಕಾಮರ್ಸ್ ಬುದ್ಧಿ ಸುಮ್ನಿರಲಿಲ್ಲ. ನಮ್ಮ ಮನೆ ಬಳಸಿದ್ದು 13,500 ಲೀಟರ್. ಇದೇ ನೀರು ಜಲಮಂಡಳಿಯ ಕಾವೇರಿ ಪೈಪಲ್ಲಿ ಬಂದಿದ್ರೆ? 2014ರಿಂದ ಇದ್ದ ದರದ ಪ್ರಕಾರ ಮೊದಲ 8,000 ಲೀಟರ್‌ಗೆ, ಸಾವಿರಕ್ಕೆ ₹7. ಅದರ ಮೇಲೆ 25,000 ಲೀಟರ್‌ವರೆಗೆ ಸಾವಿರಕ್ಕೆ ₹11. ಕೂಡಿದ್ರೆ ನೀರಿನ ದುಡ್ಡು ₹116 ಚಿಲ್ಲರೆ. ಮೀಟರ್, ಒಳಚರಂಡಿ ಅಂತ ಸೇರಿಸಿದ್ರೂ ಮುನ್ನೂರು ದಾಟಲ್ಲ.

ಒಂದೇ ಊರು, ಒಂದೇ ತಿಂಗಳು, ಅಷ್ಟೇ ನೀರು. ಒಬ್ಬರಿಗೆ ನೂರು ಚಿಲ್ಲರೆ, ಇನ್ನೊಬ್ಬರಿಗೆ ಮೂರು ಸಾವಿರ ಚಿಲ್ಲರೆ. ಆ ಮಾರ್ಚಲ್ಲಿ ಜಿಲ್ಲಾಡಳಿತ ಟ್ಯಾಂಕರ್‌ಗೆ ದರ ನಿಗದಿ ಮಾಡ್ತು, ಐದು ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ ₹600. ಆ ದರಕ್ಕೆ ನಮ್ಮ ರಸ್ತೆಗೆ ಬರೋರು ಸಿಗಲಿಲ್ಲ, ಅದು ಬಿಡಿ. ಸಿಕ್ಕಿದ್ರೂ ಸಾವಿರ ಲೀಟರ್‌ಗೆ ₹100 ಆಯ್ತು. ಏಳೆಲ್ಲಿ, ನೂರೆಲ್ಲಿ?

ಈ ವ್ಯತ್ಯಾಸ ಹೇಗೆ ಹುಟ್ಟಿತು? ಉತ್ತರಕ್ಕೆ ಟ್ಯಾಂಕರ್ ಮಾಲೀಕರನ್ನ ಬೈದ್ರೆ ಸಾಲದು. ಊರು ಹುಟ್ಟಿದ ಜಾಗಕ್ಕೇ ಹೋಗಬೇಕು.

ಬನ್ನಿ, ಪೇಟೆಗೆ ಹೋಗೋಣ. ಮೊದಲನೇ ಕೆಂಪೇಗೌಡರು 1537ರಲ್ಲಿ ಮಣ್ಣಿನ ಕೋಟೆ, ಅದರೊಳಗೆ ಪೇಟೆ ಕಟ್ಟಿಸಿದ್ರು. ಅಲ್ಲಿನ ಬೀದಿ ಹೆಸರುಗಳನ್ನ ಓದ್ತಾ ಹೋದ್ರೆ ಅದೇ ಒಂದು ವ್ಯಾಪಾರದ ಪಟ್ಟಿ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಈಗಿನ ಅವೆನ್ಯೂ ರಸ್ತೆಯೇ ಆಗಿನ ದೊಡ್ಡಪೇಟೆ. ಯಾವ ಸರಕು ಎಲ್ಲಿ ಸಿಗುತ್ತೆ ಅನ್ನೋದಕ್ಕೆ ಆಪ್ ಬೇಕಿರಲಿಲ್ಲ, ಬೀದಿ ಹೆಸರು ಸಾಕಿತ್ತು.

ಆದ್ರೆ ಗಮನಿಸಿ. ಕಾಶಿಗೆ ಗಂಗೆ ಇದೆ, ಮಧುರೈಗೆ ವೈಗೈ ಇದೆ, ದೆಹಲಿಗೆ ಯಮುನೆ ಇದೆ. ಬೆಂಗಳೂರಿಗೆ ದೊಡ್ಡ ನದಿ ಇಲ್ಲ. ಇದು ಸಮುದ್ರಮಟ್ಟದಿಂದ 900 ಮೀಟರ್ ಮೇಲಿರೋ ದಿಣ್ಣೆ. ಈ ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಕಾವೇರಿಗೆ. ಪೂರ್ವಕ್ಕೆ ಬಿದ್ದ ಮಳೆ ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ. ಮಳೆ ನೀರು ಇಲ್ಲಿ ನಿಲ್ಲಲ್ಲ, ಎರಡೂ ಕಡೆ ಇಳಿದು ಹೋಗುತ್ತೆ.

ನಿಲ್ಲದ ನೀರನ್ನ ನಿಲ್ಲಿಸೋದಕ್ಕೆ ಹಿರಿಯರು ಕೆರೆ ಕಟ್ಟಿದ್ರು. ಒಂದು ಕೆರೆ ತುಂಬಿದ್ರೆ ಕೋಡಿ ಹರಿದು ಕೆಳಗಿನ ಕೆರೆಗೆ, ಅದು ತುಂಬಿದ್ರೆ ಇನ್ನೂ ಕೆಳಗಿನದ್ದಕ್ಕೆ. ಪೇಟೆಯ ಪಕ್ಕ ಧರ್ಮಾಂಬುಧಿ ಕೆರೆ, ಆಚೆ ಸಂಪಂಗಿ ಕೆರೆ. ಕೆರೆ ಕೆಳಗೆ ತಿಗಳ ಸಮುದಾಯದವರ ಹೂವು, ಸೊಪ್ಪು, ತರಕಾರಿ ತೋಟ. ಆ ತರಕಾರಿ ಪೇಟೆಗೆ. ಕೆರೆ ಇದ್ದಿದ್ರಿಂದ ತೋಟ, ತೋಟ ಇದ್ದಿದ್ರಿಂದ ಊಟ, ಊಟ ಇದ್ದಿದ್ರಿಂದ ಪೇಟೆ. ಆಗ ನೀರು ಎಷ್ಟಿದೆಯೋ ಊರು ಅಷ್ಟೇ ಬೆಳೀಬೇಕಿತ್ತು. ಖರ್ಚು ಆದಾಯದ ಒಳಗೇ ಇತ್ತು ಅಂತ ನಮ್ಮ ಭಾಷೆಯಲ್ಲಿ ಹೇಳಬಹುದು.

ಹಾಗಂತ ಹಳೇ ಕಾಲ ಸ್ವರ್ಗ ಅಂತ ನಾನು ಹೇಳ್ತಿಲ್ಲ. ಮಳೆ ಹೋದ್ರೆ ಕೆರೆನೂ ಹೋಯ್ತು. 1876ರಿಂದ 78ರ ಬರದಲ್ಲಿ ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನ ಸತ್ತರು. ಅದಾದ ಮೇಲೆ 1890ರ ದಶಕದಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಹೆಸರಘಟ್ಟದ ನೀರನ್ನ ಪಂಪ್ ಮಾಡಿ ಪೈಪಲ್ಲಿ ತಂದರು. ಬೆಂಗಳೂರು ಮೊದಲ ಸಲ ದೂರದ ನೀರನ್ನ ಪೈಪಲ್ಲಿ ಕುಡಿದಿದ್ದು ಆಗ. ಮಳೆ ಕೈಕೊಟ್ಟ ವರ್ಷಗಳಲ್ಲಿ ಅದು ಸಾಲಲಿಲ್ಲ. 1933ರಲ್ಲಿ ತಿಪ್ಪಗೊಂಡನಹಳ್ಳಿ ಬಂತು. ಅದೂ ಸಾಲಲಿಲ್ಲ. 1974ರಲ್ಲಿ ಕಾವೇರಿ ಬಂದಳು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ, ಸುಮಾರು 100 ಕಿಲೋಮೀಟರ್ ದೂರ, ಮಧ್ಯೆ ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಮತ್ತೆ ಪಂಪ್ ಮಾಡಿ ದಿಣ್ಣೆ ಹತ್ತಿಸಬೇಕು. ಇದು ಒಂದೇ ಸಲ ಹಾಕೋ ಬಂಡವಾಳ ಅಲ್ಲ. ನೀವು ನಲ್ಲಿ ತಿರುಗಿಸೋವರೆಗೂ ಪಂಪ್ ಓಡ್ತಾನೇ ಇರಬೇಕು, ಕರೆಂಟ್ ಬಿಲ್ ಕಟ್ತಾನೇ ಇರಬೇಕು.

ನಲ್ಲಿಯಲ್ಲಿ ನೀರು ಬಂದಮೇಲೆ ಕೆರೆ ಯಾಕೆ ಅನ್ನೋ ಯೋಚನೆ ಬಂತು. ಪುಸ್ತಕದಲ್ಲಿ ಆಸ್ತಿ ಅಂತ ಇದ್ದ ಕೆರೆ ಖಾಲಿ ಸೈಟ್ ಆಗಿ ಕಾಣಿಸ್ತು. ಧರ್ಮಾಂಬುಧಿ ಕೆರೆ ಇವತ್ತು ಮೆಜೆಸ್ಟಿಕ್ ಬಸ್ ನಿಲ್ದಾಣ. ಸಿದ್ಧಿಕಟ್ಟೆ ಕೆರೆ ಇದ್ದ ಕಡೆ ಕೆ.ಆರ್. ಮಾರ್ಕೆಟ್. ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣ. ಆ ಕೆರೆಯ ಒಂದು ಚಿಕ್ಕ ಕೊಳ ಮಾತ್ರ ಉಳಿದಿದೆ. ಅದು ಉಳಿದಿರೋದೂ ಕರಗದ ದೆಸೆಯಿಂದ. ತಿಗಳರ ಕರಗದ ವಿಧಿಗೆ ಆ ನೀರು ಬೇಕು. ಜಲಮಂಡಳಿಗೆ ಬೇಡವಾದ ಕೆರೆಯನ್ನ ಒಂದು ಹಬ್ಬ ಅಂಗೈಯಗಲ ಉಳಿಸಿಕೊಂಡಿದೆ.

ಈಗ ಆ ದಿಣ್ಣೆ ವಿಷಯಕ್ಕೆ ವಾಪಸ್ ಬರ್ತೀನಿ. ಅದು ಬರೀ ಭೂಗೋಳ ಪುಸ್ತಕದ ಮಾತಲ್ಲ, ಕೋರ್ಟಿಗೂ ಹೋಗಿದೆ. ಕಾವೇರಿ ನ್ಯಾಯಮಂಡಳಿ 2007ರಲ್ಲಿ ತೀರ್ಪು ಕೊಟ್ಟಾಗ, ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ ಅಂತ ಅಷ್ಟಕ್ಕೆ ಮಾತ್ರ ಕುಡಿಯೋ ನೀರು ಲೆಕ್ಕ ಹಾಕಿತ್ತು. ಅಂದ್ರೆ ಕಾಗದದ ಮೇಲೆ ವರ್ತೂರಿನ ನಮ್ಮಮ್ಮನಿಗೆ ಬಾಯಾರಿಕೆ ಇರಲಿಲ್ಲ! 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನ ಸರಿಮಾಡಿ ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚು ಕೊಡ್ತು. ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯೋ ನೀರಿಗೆ. ಐನೂರು ವರ್ಷದ ಹಿಂದೆ ಪೇಟೆ ಕಟ್ಟಿದ ಜಾಗದ ಲೆಕ್ಕ ದೆಹಲಿಯಲ್ಲಿ ಚುಕ್ತಾ ಆಯ್ತು ನೋಡಿ.

ನೀರು ಮಂಜೂರಾದ್ರೆ ಸಾಕಾ? ಪೈಪ್ ಬೇಡ್ವಾ? 2007ರಲ್ಲೇ ಬಿಬಿಎಂಪಿ ಆದಾಗ ಸುತ್ತಲಿನ 110 ಹಳ್ಳಿ ನಗರಕ್ಕೆ ಸೇರಿದ್ವು. ನಮ್ಮದೂ ಅದರಲ್ಲೊಂದು. ಆಫೀಸ್‌ಗಳು ವೈಟ್‌ಫೀಲ್ಡ್, ಹೊರವರ್ತುಲ ರಸ್ತೆ ಕಡೆ ಬಂದ್ವು. ಕೆಲಸ ಇದ್ದಲ್ಲಿ ಜನ ಬಂದ್ರು, ಪಿಜಿ ಬಂತು, ಹೋಟೆಲ್ ಬಂತು. ನಾವೂ ಅಪ್ಪನ ಕೆಲಸಕ್ಕೆ ಅಂತ ಕೋಲಾರದಿಂದ ಹಾಗೇ ಬಂದ್ವಿ. ಎಲ್ಲ ಬಂದ ಮೇಲೆ, ಕೊನೆಯಲ್ಲಿ ಪೈಪ್. ಕಾವೇರಿ ಐದನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರಲ್ಲಿ. ದಿನಕ್ಕೆ 77.5 ಕೋಟಿ ಲೀಟರ್, ಮುಖ್ಯವಾಗಿ ಈ 110 ಹಳ್ಳಿಗಳಿಗೆ. ಸೇರಿದ್ದು 2007, ನೀರು ಬಂದಿದ್ದು 2024. ಹದಿನೇಳು ವರ್ಷ.

ನನಗೆ ಹೊಳೆದಿದ್ದು ಇಷ್ಟು. ಹಿಂದೆ ನೀರಿದ್ದ ಕಡೆ ಊರು ಕಟ್ತಿದ್ರು. ಈಗ ವ್ಯಾಪಾರ ಇರೋ ಕಡೆ ಊರು ಕಟ್ಟಿ, ನೀರು ಹಿಂದೆ ಓಡಿ ಬರಲಿ ಅಂತೀವಿ. ಊರಿಗೂ ನೀರಿಗೂ ಮಧ್ಯೆ ಇರೋ ಆ ಹದಿನೇಳು ವರ್ಷದ ಖರ್ಚನ್ನ ಯಾವ ಬಜೆಟ್ಟೂ ತೋರ್ಸಲ್ಲ. ಅದು ನಮ್ಮಮ್ಮನ ಥರದವರ ಪುಸ್ತಕದಲ್ಲಿರುತ್ತೆ.

ಅಮ್ಮ ಒಬ್ಬರೇ ಅಲ್ಲ. ಒಂದು ದಿನ ಟ್ಯಾಂಕರ್ ಪೈಪ್ ಸಂಪಿಗೆ ಬಿಟ್ಟು ಡ್ರೈವರ್ ನಿಂತಿದ್ರು. "ಅಣ್ಣಾ, ಎಲ್ಲಿಂದ ತರ್ತೀರಾ?" ಅಂತ ಕೇಳಿದೆ.

"ಹೊಸಕೋಟೆ ಕಡೆ ಒಂದು ತೋಟ ಅಕ್ಕಾ. ಮುಂಚೆ ಅಲ್ಲಿ ಸೊಪ್ಪು, ಹೂಕೋಸು ಹಾಕ್ತಿದ್ರು. ಈಗ ಬೋರ್ ನೀರು ಮಾರ್ತಾರೆ. ಬೆಳೆಗಿಂತ ಇದೇ ಗಿಟ್ಟತ್ತೆ."

"ಪಕ್ಕದ ತೋಟದವರು ಏನಂತಾರೆ?"

"ಅವ್ರ ಬೋರ್ ನಿಂತೋಯ್ತಲ್ಲ ಅಕ್ಕಾ."

ಅವರು ಆರಾಮಾಗಿ ಹೇಳಿದ್ರು. ನಾನು ಮಾತಾಡಲಿಲ್ಲ. ನಾವು ದುಬಾರಿ ಅಂತ ಅಳ್ತಿದ್ದ ₹1,500ರಲ್ಲಿ ಆ ಪಕ್ಕದ ತೋಟದವರ ನಷ್ಟ ಸೇರೇ ಇರಲಿಲ್ಲ. ಕೆರೆ ಕೆಳಗೆ ತರಕಾರಿ ಬೆಳೆದು ಪೇಟೆಗೆ ತರೋ ವ್ಯಾಪಾರದಿಂದ ಊರು ಶುರುವಾಗಿತ್ತು. ಈಗ ತರಕಾರಿ ಬಿಟ್ಟು ನೀರನ್ನೇ ತರ್ತಿದ್ದೀವಿ.

ಇದರ ಇನ್ನೊಂದು ಮುಖ ಕೋಲಾರದಲ್ಲಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರು ಬಳಸಿ ಬಿಟ್ಟ ನೀರನ್ನ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಪಂಪ್ ಮಾಡ್ತಾರೆ. ಕುಡಿಯೋದಕ್ಕಲ್ಲ, ಅಂತರ್ಜಲ ಏರಲಿ ಅಂತ. ನನ್ನ ಸೋದರಮಾವ ಅಲ್ಲಿ ಟೊಮೆಟೊ ಬೆಳೀತಾರೆ. ಕೆರೆ ತುಂಬಿದ ಮೇಲೆ ಅವರ ಬೋರಲ್ಲಿ ಮತ್ತೆ ನೀರು ಬಂತು. ಖುಷಿನಾ ಮಾವ ಅಂದ್ರೆ, "ಖುಷಿ ಇಲ್ಲ ಅಂದ್ರೆ ಸುಳ್ಳಾಗತ್ತೆ. ಆದ್ರೆ ನಿಮ್ಮೂರಿನೋರು ಸ್ನಾನ ಮಾಡಿದ ನೀರು ಕಣಮ್ಮ, ಇನ್ನೊಂದ್ಸಲ ಸೋಸಿ ಕಳ್ಸಕ್ಕೇನು?" ಅಂದ್ರು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತ ಬೇಕು ಅನ್ನೋದು ಕೋಲಾರದಲ್ಲಿ ಬಹಳ ಜನರ ಬೇಡಿಕೆ. ಅವರ ಟೊಮೆಟೊ ಬರೋದು ನಮ್ಮ ಅಡುಗೆಮನೆಗೇ. ಮಾವನ ಪ್ರಶ್ನೆ ನಮ್ಮ ಪ್ರಶ್ನೆನೂ ಹೌದು.

ಸರಿ, ನಾವೇನು ಮಾಡಬಹುದು? ದೊಡ್ಡ ಮಾತು ಬೇಡ, ಒಂದು ಲೆಕ್ಕ ಹೇಳ್ತೀನಿ. 30-40 ಸೈಟು ಅಂದ್ರೆ ಸುಮಾರು 111 ಚದರ ಮೀಟರ್. ಬೆಂಗಳೂರಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸು ಮಳೆ. ಗುಣಿಸಿ ನೋಡಿ, ಒಂದು ಸೈಟಿನ ಮೇಲೆ ವರ್ಷಕ್ಕೆ ಒಂದು ಲಕ್ಷ ಲೀಟರ್‌ಗಿಂತ ಹೆಚ್ಚು ಬೀಳುತ್ತೆ. 6,000 ಲೀಟರ್‌ನ ಹದಿನೇಳು ಟ್ಯಾಂಕರ್! ಎಲ್ಲಾ ಹಿಡಿಯೋಕಾಗಲ್ಲ, ಅರ್ಧ ಹಿಡಿದ್ರೂ ಎಂಟು ಟ್ಯಾಂಕರ್. ಬಾಡಿಗೆ ಮನೆಯಲ್ಲಿರೋರು ಓನರ್‌ಗೆ ಈ ಲೆಕ್ಕ ವಾಟ್ಸಾಪ್ ಮಾಡಿ. ಮನೆ ಹುಡುಕುವಾಗ "ಕಾವೇರಿ ಇದೆಯಾ, ಬೋರ್ ಇದೆಯಾ" ಅಂತ ಕೇಳ್ತೀವಲ್ಲ, ಜೊತೆಗೆ "ಮಳೆ ನೀರು ಎಲ್ಲಿಗೆ ಹೋಗುತ್ತೆ" ಅಂತಾನೂ ಕೇಳಿ.

ಆದ್ರೆ ಒಂದು ಎಚ್ಚರ. ಎಲ್ಲ ಭಾರನೂ ಮನೆಗಳ ಮೇಲೆ ಹಾಕಿ ಕೈತೊಳ್ಕೊಳೋಕೂ ಬಿಡಬಾರದು. ಹೊಸ ಬಡಾವಣೆಗೆ ಒಪ್ಪಿಗೆ ಕೊಡುವಾಗ ನೀರು ಎಲ್ಲಿಂದ ಅಂತ ಮೊದಲು ಕೇಳಬೇಕಾದವರು ಬೇರೆ ಇದ್ದಾರೆ. ಅದನ್ನ ಅವರಿಗೆ ನೆನಪಿಸೋದು ವೋಟು ಹಾಕೋ ನಮ್ಮ ಕೆಲಸ.

ಕೊನೆಗೊಂದು ಸುದ್ದಿ. ನಮ್ಮ ಬಿಲ್ಡಿಂಗಿಗೆ ಕಾವೇರಿ ಬಂದಿದೆ. ದಿನ ಬಿಟ್ಟು ದಿನ, ಸಣ್ಣಗೆ. ಅಮ್ಮನ ಪುಸ್ತಕದಲ್ಲಿ 'ಟ್ಯಾಂಕರ್' ಅಂತ ಇದ್ದ ಗೆರೆ ಇನ್ನು ಬೇಡ ಅಲ್ವಾ ಅಂದೆ. "ಇರ್ಲಿ ಬಿಡೇ, ಏಪ್ರಿಲ್ ಕಳೀಲಿ" ಅಂದ್ರು.

ಈ ವಾರದ ಹೋಮ್‌ವರ್ಕ್: ನಿಮ್ಮ ಮನೆ ಯಾವ ಕಣಿವೆಯಲ್ಲಿದೆ, ಹತ್ತಿರದ ಕೆರೆಯ ಕೋಡಿ ಎಲ್ಲಿಗೆ ಹರಿಯುತ್ತೆ, ಪತ್ತೆ ಮಾಡಿ ನನಗೆ ವಾಯ್ಸ್ ನೋಟ್ ಕಳ್ಸಿ. ನಿಮ್ಮನೆಯ ನೀರಿನ ಲೆಕ್ಕನೂ ಕಳ್ಸಿ. ಮುಂದಿನ ವಾರ ಸಿಗೋಣ. ನಲ್ಲಿ ಸರಿಯಾಗಿ ನಿಲ್ಸಿದ್ರಾ? ನಮಸ್ಕಾರ.