ಮಗುವಿನ ಊಟ ಮನೆಯದೇ ಆಗಲಿ

(ಸಂಘದ ಕುಟುಂಬ ಸಮ್ಮೇಲನದಲ್ಲಿ ಮಾಡಿದ ಭಾಷಣ)



ಪಗಾರ, ರಜೆ, ಬೋನಸ್ಸುಗಳ ಬಗ್ಗೆ ಈ ವೇದಿಕೆಯಿಂದ ಎಷ್ಟೋ ಸಲ ಮಾತಾಡಿದ್ದೇವೆ. ಇಂದು ಆರು ತಿಂಗಳ ಕೂಸಿನ ಊಟದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಇದು ಹೆಂಗಸರ ವಿಷಯ, ಸಂಘಕ್ಕೇಕೆ ಎಂದು ಕೆಲವರು ಕೇಳಬಹುದು. ನಮ್ಮ ಪಗಾರದ ಒಂದು ಪಾಲು ಡಬ್ಬಿಯ ಹಿಟ್ಟಿಗೆ ಹೋಗುತ್ತಿದೆ. ಆ ಹಣಕ್ಕೆ ತಕ್ಕ ಪೋಷಣೆ ಕೂಸಿಗೆ ಸಿಗುತ್ತದೆಯೇ ಎಂದು ಕೇಳುವುದು ಸಂಘದ ಕೆಲಸವೇ ಸರಿ.

ಊರಿಗೆ ಹೋಗುವಾಗ ನಮ್ಮವರು ಕೂಸಿಗೆಂದು ಮುಂಬಯಿಯಿಂದ ಡಬ್ಬಿ ಕೊಂಡುಹೋಗುವುದುಂಟು. ಅದರಲ್ಲಿ ಪ್ರೀತಿ ಇದೆ. ಜೊತೆಗೆ, ರಾಗಿ ಬಡವರದು, ಡಬ್ಬಿ ದೊಡ್ಡವರದು ಎಂಬ ನಾಚಿಕೆಯೂ ಇದೆ. ಈ ನಾಚಿಕೆಗೆ ಆಧಾರವಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಸತ್ವವಿದೆ. ಅಕ್ಕಿಯಲ್ಲಿ ಅದು 10ರ ಆಸುಪಾಸು. ಎಲುಬು ಬಲಿಯುವ, ಹಲ್ಲು ಹುಟ್ಟುವ ಕಾಲದಲ್ಲಿ ಇದಕ್ಕಿಂತ ಒಳ್ಳೆಯ ಧಾನ್ಯ ಯಾವುದು? ಕರಾವಳಿಯವರು ರಾಗಿ ಮಣ್ಣಿ ಎನ್ನುತ್ತೇವೆ, ಮೈಸೂರು ಕಡೆಯವರು ರಾಗಿ ಸರಿ ಎನ್ನುತ್ತಾರೆ, ನೆರೆಯ ಮರಾಠಿ ತಾಯಂದಿರು ನಾಚಣಿ ಸತ್ವ ಎನ್ನುತ್ತಾರೆ. ಹೆಸರು ಮೂರು, ಕಾಳು ಒಂದೇ.

ಡಬ್ಬಿಯ ಮಾತಿಗೆ ಬರೋಣ. ಹಾಲುಪುಡಿ, ಹಾಲಿನ ಬಾಟ್ಲಿ ಮತ್ತು ಶಿಶು ಆಹಾರದ ಮಾರಾಟವನ್ನು ಹತೋಟಿಯಲ್ಲಿಡಲು ನಮ್ಮ ದೇಶದಲ್ಲಿ 1992ರಲ್ಲಿ ಕಾನೂನಾಯಿತು. 2003ರಲ್ಲಿ ಅದನ್ನು ಬಿಗಿ ಮಾಡಿದರು. ಎರಡು ವರ್ಷದೊಳಗಿನ ಮಕ್ಕಳ ಇಂಥ ಆಹಾರಕ್ಕೆ ಜಾಹೀರಾತು ಕೊಡುವಂತಿಲ್ಲ. ಡಬ್ಬಿಯ ಮೇಲೆ ಕೂಸಿನ ಚಿತ್ರವನ್ನಾಗಲಿ ತಾಯಿಯ ಚಿತ್ರವನ್ನಾಗಲಿ ಹಾಕುವಂತಿಲ್ಲ. ಚಿತ್ರಕ್ಕೆ ಮರುಳಾಗಿ ತಾಯಂದಿರು ಎದೆಹಾಲನ್ನೂ ಮನೆಯ ಊಟವನ್ನೂ ಬಿಡಬಾರದೆಂದೇ ಈ ಕಟ್ಟುಪಾಡು. 2024ರ ಏಪ್ರಿಲಿನಲ್ಲಿ ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಎಂಬ ಸಂಸ್ಥೆ ಒಂದು ವರದಿ ಹೊರಡಿಸಿತು. ಒಂದು ಹೆಸರಾಂತ ಕಂಪನಿಯ ಕೂಸಿನ ಹಿಟ್ಟಿನಲ್ಲಿ, ಭಾರತದಲ್ಲಿ ಮಾರಿದ್ದರಲ್ಲಿ, ಒಂದು ಹೊತ್ತಿನ ಊಟಕ್ಕೆ ಸರಾಸರಿ 3 ಗ್ರಾಮಿನಷ್ಟು ಸಕ್ಕರೆ ಬೆರೆಸಿತ್ತು. ಅದೇ ಕಂಪನಿ ತನ್ನ ಊರಾದ ಸ್ವಿಟ್ಜರ್ಲೆಂಡಿನಲ್ಲಿ ಮಾರುವುದರಲ್ಲಿ ಬೆರೆಸಿರಲಿಲ್ಲ. ಸಾಹೇಬರ ಕೂಸಿಗೆ ಬೇಡವಾದದ್ದು ನಮ್ಮ ಕೂಸಿಗೆ ಯಾಕೆ ಬೇಕು?

ವೈದ್ಯರು ಕಾರಣ ನೋಡಿ ಹಾಲುಪುಡಿ ಬರೆದುಕೊಟ್ಟರೆ ಅದನ್ನು ಕೊಡಲೇಬೇಕು. ಅಂಥ ತಾಯಿಯನ್ನು ಯಾರೂ ಆಡಿಕೊಳ್ಳಬಾರದು.

ಈಗ ಮಾಡುವ ಕ್ರಮ. ಆರು ತಿಂಗಳು ತುಂಬುವ ತನಕ ಎದೆಹಾಲು ಮಾತ್ರ. ಆಮೇಲೆ ಎದೆಹಾಲಿನ ಜೊತೆಗೆ ಊಟ. ಎದೆಹಾಲು ಎರಡು ವರ್ಷದವರೆಗೂ ಇರಲಿ. ಎರಡು ಪಾಲು ರಾಗಿ, ಒಂದು ಪಾಲು ಹೆಸರುಕಾಳು ತೆಗೆದುಕೊಳ್ಳಿ. ರಾಗಿಯನ್ನು ತೊಳೆದು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಶುಭ್ರ ಬಟ್ಟೆಯಲ್ಲಿ ಕಟ್ಟಿ. ಒಂದೆರಡು ದಿನದಲ್ಲಿ ಮೊಳಕೆ ಬರುತ್ತದೆ. ಹೆಸರಿಗೂ ಹಾಗೆಯೇ ಮಾಡಿ. ಒಣಗಿಸಿ, ಹದವಾದ ಬೆಂಕಿಯಲ್ಲಿ ಘಮ ಬರುವಷ್ಟು ಮಾತ್ರ ಹುರಿದು, ಮೊಳಕೆ ಉಜ್ಜಿ ತೆಗೆದು, ಬೀಸಿ ಜರಡಿ ಹಿಡಿಯಿರಿ. ಮಳೆಗಾಲದಲ್ಲಿ ಚಾಳಿನ ಖೋಲಿಗೆ ಬಿಸಿಲು ಬರುವುದಿಲ್ಲ. ಆಗ ಫ್ಯಾನಿನ ಗಾಳಿಗೆ ಹರಡಿ, ಉಳಿದ ತೇವವನ್ನು ಸಣ್ಣ ಉರಿಯ ಬಾಣಲೆಯಲ್ಲಿ ತೆಗೆಯಿರಿ. ಬೂಷ್ಟು ಹಿಡಿಯದಂತೆ ವಾರಕ್ಕಾಗುವಷ್ಟೇ ಮಾಡಿಕೊಳ್ಳಿ.

ಮೊಳಕೆ ಯಾಕೆ? ಮೊಳೆತ ಕಾಳಿನ ಹಿಟ್ಟು ಬೆಂದಾಗ ಗಟ್ಟಿ ಅಂಟಾಗದೆ ಸಡಿಲವಾಗುತ್ತದೆ. ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಸುತ್ತದೆ. ಕೂಸಿನ ಹೊಟ್ಟೆ ಚಿಕ್ಕದು. ನೀರುನೀರಾದ ಗಂಜಿಯಿಂದ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಆದ್ದರಿಂದ ಚಮಚೆಯಿಂದ ಸುರಿದುಹೋಗದಷ್ಟು ಹದಕ್ಕೆ ಬೇಯಿಸಿ, ಒಂದು ತೊಟ್ಟು ತುಪ್ಪವನ್ನೋ ತೆಂಗಿನೆಣ್ಣೆಯನ್ನೋ ಬೆರೆಸಿ. ಮೊದಲು ಎರಡು ಮೂರು ಚಮಚೆ, ದಿನಕ್ಕೆ ಎರಡು ಹೊತ್ತು, ಬರುಬರುತ್ತಾ ಹೆಚ್ಚಿಸಿ. ವರ್ಷದೊಳಗೆ ಉಪ್ಪು ಬೇಡ, ಜೇನುತುಪ್ಪವಂತೂ ಬೇಡವೇ ಬೇಡ. ಸಕ್ಕರೆ, ಬೆಲ್ಲ ಎರಡು ವರ್ಷದವರೆಗೆ ಬೇಡ. ಸಿಹಿಗೆ ಕಿವುಚಿದ ಬಾಳೆಹಣ್ಣು ಸಾಕು. ರಾಗಿಯೊಂದನ್ನೇ ನಂಬಬೇಡಿ. ನುಣ್ಣಗೆ ಬೆಂದ ಬೇಳೆ, ಸೊಪ್ಪು, ತಿನ್ನುವವರ ಮನೆಯಲ್ಲಿ ಮೊಟ್ಟೆ, ಮುಳ್ಳು ತೆಗೆದ ಮೀನು ಒಂದೊಂದಾಗಿ ಸೇರಲಿ. ನೀರು ಕುದಿಸಿದ್ದಿರಲಿ, ಕೈ ಸಾಬೂನಿನಿಂದ ತೊಳೆದದ್ದಿರಲಿ. ಬೆಳಿಗ್ಗೆ ಬೇಯಿಸಿದ್ದನ್ನು ಸಂಜೆಗೆ ಇಡಬೇಡಿ. ಅಂಗನವಾಡಿಯಲ್ಲಿ ಕೂಸಿನ ತೂಕ ಮಾಡಿಸಿ. ತೂಕ ಏರದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಗಂಡಸರಿಗೆ ಒಂದು ಮಾತು. ನೂರಾರು ಗಿರಾಕಿಗಳಿಗೆ ಇಡ್ಲಿ ಹಿಟ್ಟು ರುಬ್ಬುವ ಕೈ ನಮ್ಮದು. ನೆನೆಸುವುದು, ಹುರಿಯುವುದು, ಬೀಸುವುದು, ಹದ ನೋಡುವುದು, ಇದೆಲ್ಲ ನಮ್ಮ ಕಸುಬು. ಊರಿಡೀ ಬಡಿಸುವ ನಾವು ಸ್ವಂತ ಕೂಸಿಗೆ ಒಂದು ಬಟ್ಟಲು ಬೇಯಿಸಲಾರೆವೇ? ವಾರದ ರಜೆಯ ದಿನ ಹಿಟ್ಟು ಮಾಡುವ ಕೆಲಸ ಗಂಡಸಿನದೇ ಆಗಲಿ. ಅಂದು ಒಂದೇ ಪಾತ್ರೆಯಲ್ಲಿ ಬೇಯಿಸಿ. ಮೊದಲು ಕೂಸಿನ ಪಾಲು ತೆಗೆದಿಡಿ. ಆಮೇಲೆ ದೊಡ್ಡ ಮಕ್ಕಳ ಪಾಲಿಗೆ ಬೆಲ್ಲ, ತೆಂಗಿನಹಾಲು, ನಮ್ಮ ಪಾಲಿಗೆ ಉಪ್ಪು, ಮಜ್ಜಿಗೆ. ಎಲ್ಲರೂ ಸುತ್ತ ಕೂತು ಉಂಡರೆ ಕೂಸು ತಾನೂ ಬಾಯಿ ತೆರೆಯುತ್ತದೆ. ಮುಖಕ್ಕೆಲ್ಲ ಬಳಿದುಕೊಂಡು ನಕ್ಕರೆ ಆ ವಾರದ ದಣಿವು ಇಳಿಯುತ್ತದೆ. ಸಂಸಾರ ಊರಲ್ಲಿರುವವರು ಡಬ್ಬಿಯ ಬದಲು ಒಂದು ಕಿಲೋ ಹಿಟ್ಟು ಮಾಡಿ ಕೊಂಡೊಯ್ಯಿರಿ.

ಆದರೆ ಒಲೆಯ ಮುಂದೆ ಕೂರಲು ಬಿಡುವು ಬೇಕು. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರವಾಯಿತು. ಎದೆಹಾಲಿನ ಆ ಆರು ತಿಂಗಳಿಗೆ ಸರಿಯಾದ ಲೆಕ್ಕವದು. ಮನೆಕೆಲಸಕ್ಕೆ ಹೋಗುವ, ಹೋಟೇಲಿನಲ್ಲಿ ಪಾತ್ರೆ ತೊಳೆಯುವ ನಮ್ಮ ಅಕ್ಕತಂಗಿಯರಲ್ಲಿ ಎಷ್ಟು ಮಂದಿಗೆ ಅದು ಕೈಗೆ ಸಿಕ್ಕಿದೆ? ವಾರದ ರಜೆಯೂ ಕಾಗದದಲ್ಲಿದೆ, ಎಷ್ಟೋ ಕಡೆ ಕೆಲಸದಲ್ಲಿಲ್ಲ. ತಾಯಿಗೆ ರಜೆ, ತಂದೆಗೆ ವಾರಕ್ಕೊಂದು ದಿನ: ಇವೆರಡೂ ಕೂಸಿನ ಹಕ್ಕು. ಮನೆಯಲ್ಲಿ ಹಿಟ್ಟು ನಾವು ಮಾಡೋಣ. ಬಿಡುವನ್ನು ಸಂಘದ ಮೂಲಕ ಕೇಳಿ ಪಡೆಯೋಣ.