ಮನಸ್ಸಿನ ನೆಮ್ಮದಿಗೂ ಸಹಕಾರ ಬೇಕು

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ 25 ವರ್ಷ ತುಂಬಿದೆ. ದಿನಕ್ಕೆ ಎಷ್ಟು ಲೀಟರಿನಿಂದ ಶುರುವಾಯಿತು, ಈಗ ಎಷ್ಟಕ್ಕೆ ಬಂದಿದೆ, ಸ್ವಂತ ಕಟ್ಟಡ ಹೇಗಾಯಿತು, ಇದನ್ನೆಲ್ಲ ಕಾರ್ಯದರ್ಶಿಗಳು ವರದಿಯಲ್ಲಿ ಓದಿದ್ದಾರೆ. ಅದನ್ನೇ ಮತ್ತೆ ಹೇಳಿ ನಿಮ್ಮ ಊಟದ ಹೊತ್ತು ಮೀರಿಸುವುದಿಲ್ಲ. ವರದಿಯಲ್ಲಿ ಬಾರದ ಒಂದು ವಿಷಯವನ್ನು ಹೇಳಲು ನಿಂತಿದ್ದೇವೆ. ಅದು ನಮ್ಮ ಸದಸ್ಯರ ಮನಸ್ಸಿನ ಆರೋಗ್ಯದ ವಿಷಯ. ಇಂಥ ಸಂತೋಷದ ದಿನ ಇದನ್ನೇಕೆ ತೆಗೀತಾರಪ್ಪ ಅಂತ ಕೆಲವರಿಗೆ ಅನ್ನಿಸಬಹುದು. ಊರೆಲ್ಲ ಒಂದು ಕಡೆ ಸೇರುವುದು ಇಂಥ ದಿನವೇ ಆದ್ದರಿಂದ ತೆಗೆದಿದ್ದೇವೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಸದಸ್ಯರೊಬ್ಬರು, ಹೆಸರು ಬೇಡ, ನಿಮಗೆಲ್ಲ ಗೊತ್ತಿದ್ದವರೇ. ಎರಡು ಹಸು ಕಟ್ಟಿದ್ದರು. ಬೆಳಿಗ್ಗೆ ಕ್ಯಾನು ಹಿಡಿದು ಬಂದರೆ ಸರದಿಯಲ್ಲಿ ನಿಂತವರನ್ನೆಲ್ಲ ನಗಿಸಿಯೇ ಹೋಗುವವರು. ಬೋರ್‌ವೆಲ್ ಬತ್ತಿತು. ಸಾಲ ಮಾಡಿ ಇನ್ನೊಂದು ಕೊರೆಸಿದರು, ಅದರಲ್ಲೂ ನೀರು ಬೀಳಲಿಲ್ಲ. ಬರ್ತಾ ಬರ್ತಾ ಮಾತು ಕಡಿಮೆಯಾಯಿತು. ಆಮೇಲೆ ಡೇರಿಗೆ ಮಗನನ್ನು ಕಳಿಸತೊಡಗಿದರು. ಆಮೇಲೆ ಹಾಲೂ ಬರಲಿಲ್ಲ. ನಮ್ಮ ಪುಸ್ತಕದಲ್ಲಿ ಅವರ ನಂಬರಿನ ಮುಂದೆ ಎರಡು ಹೊತ್ತೂ ಗೀಟು ಬೀಳುತ್ತಾ ಹೋಯಿತು. ಹನ್ನೊಂದು ದಿನ ಗೀಟು. ಹನ್ನೆರಡನೆಯ ದಿನ ಅವರು ಇಲ್ಲವೆಂಬ ಸುದ್ದಿ ಬಂತು. ತಾವಾಗಿಯೇ ಜೀವ ಕಳೆದುಕೊಂಡಿದ್ದರು.

ಮಣ್ಣಿಗೆ ಹೋಗಿ ಬಂದ ಸಂಜೆ ಡೇರಿಯ ಮುಂದೆ ಯಾರೂ ಮಾತಾಡಲಿಲ್ಲ. ಆ ಗೀಟನ್ನು ನಾವು ನೋಡಿರಲಿಲ್ಲವೇ? ನೋಡಿದ್ದೆವು. ಹಸು ಹಾಲು ಬತ್ತಿಸಿರಬೇಕು ಎಂದುಕೊಂಡೆವು. ನಿರ್ದೇಶಕರಲ್ಲಿ ಒಬ್ಬರಂತೂ, "ಪ್ರೈವೇಟಿನವರಿಗೆ ಹಾಕ್ತಾ ಇರಬೇಕು ಕಣ್ರೀ, ಒಂದು ನೋಟೀಸು ಕೊಡಿ" ಅಂದಿದ್ದರು. ಆ ಒಬ್ಬರು ಬೇರೆ ಯಾರೂ ಅಲ್ಲ, ಈಗ ಮೈಕಿನ ಮುಂದೆ ನಿಂತಿರುವ ನಾವೇ. ಅವರ ಮನೆ ಡೇರಿಯಿಂದ ಇನ್ನೂರು ಹೆಜ್ಜೆ ದೂರ. ಹೋಗಿ "ಏನಣ್ಣಾ, ಯಾಕೆ ಬರಲಿಲ್ಲ" ಅಂತ ಕೇಳುವುದಕ್ಕೆ ಐದು ನಿಮಿಷ ಸಾಕಿತ್ತು. ಕೇಳಿದ್ದರೆ ಉಳಿಯುತ್ತಿದ್ದರು ಅಂತ ಹೇಳಲಾರೆವು. ಆದರೆ ಕೇಳಲಿಲ್ಲವಲ್ಲ ಎಂಬುದು ನಮ್ಮನ್ನು ಬಿಟ್ಟಿಲ್ಲ.

ಬೋರ್‌ವೆಲ್ ಬತ್ತಿದ್ದೇ ಕಾರಣ ಅಂತ ಊರಲ್ಲಿ ಹೇಳಿದರು. ಹಾಗೆ ಒಂದೇ ಕಾರಣ ಹೇಳುವುದು ಸರಿಯಲ್ಲ. ಸಾಲ ಇರುವವರು, ಬೋರ್ ಬತ್ತಿದವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಸಾಲ, ನಿದ್ದೆಗೇಡು, ಕುಡಿತ, ಯಾರ ಹತ್ತಿರವೂ ಹೇಳಿಕೊಳ್ಳದ ಸಂಕಟ, ಇವುಗಳ ಜೊತೆಗೆ ಎಷ್ಟೋ ಸಲ ಒಳಗೇ ಬೆಳೆದ ಒಂದು ಕಾಯಿಲೆ ಇರುತ್ತದೆ. ಅದಕ್ಕೆ ಡಾಕ್ಟರುಗಳು ಖಿನ್ನತೆ ಎನ್ನುತ್ತಾರೆ. ಎರಡು ವಾರಕ್ಕೂ ಹೆಚ್ಚು ದಿನ ಮನಸ್ಸು ಮಂಕಾಗಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಬಾರದಿರುವುದು ಅಥವಾ ಬೆಳಗಿನ ಜಾವವೇ ಎಚ್ಚರವಾಗುವುದು, ಊಟ ಸೇರದಿರುವುದು, ಸುಸ್ತು, ತಾನು ಯಾತಕ್ಕೂ ಬಾರದವನು ಎನ್ನುವ ಭಾವನೆ, ಬದುಕಿ ಏನು ಪ್ರಯೋಜನ ಎನ್ನುವ ಮಾತು, ಇವು ಅದರ ಗುರುತುಗಳು. ಇದು ಸೋಮಾರಿತನ ಅಲ್ಲ, ಗಾಳಿ ಸೋಕಿದ್ದೂ ಅಲ್ಲ, ಹಿಂದಿನ ಜನ್ಮದ ಕರ್ಮವೂ ಅಲ್ಲ. ಕಾಯಿಲೆ. ಔಷಧಿ ಇದೆ, ಮಾತಿನ ಚಿಕಿತ್ಸೆಯೂ ಇದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ಮನೆ ಮನೆಗೆ ಹೋಗಿ ಸಮೀಕ್ಷೆ ಮಾಡಿಸಿದರು. ವಯಸ್ಕರಲ್ಲಿ ನೂರಕ್ಕೆ ಹತ್ತು ಹನ್ನೊಂದು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದು ಕಂಡುಬಂತು. ಅವರಲ್ಲಿ ಹೆಚ್ಚಿನವರು ಚಿಕಿತ್ಸೆಯನ್ನೇ ಪಡೆದಿರಲಿಲ್ಲ. ನಮ್ಮ ಸಂಘದಲ್ಲಿ ಇನ್ನೂರು ಚಿಲ್ಲರೆ ಸದಸ್ಯರಿದ್ದೇವೆ. ಅದೇ ಲೆಕ್ಕ ಇಲ್ಲಿಗೂ ಹಿಡಿದರೆ ಇಪ್ಪತ್ತು ಮಂದಿ ಆಯಿತು. ಅವರೂ ಈ ಶಾಮಿಯಾನದ ಕೆಳಗೆ ನಮ್ಮ ನಿಮ್ಮ ಪಕ್ಕದಲ್ಲೇ ಕೂತಿರುತ್ತಾರೆ.

ರೈತರಾದ ನಮಗೆ ಒಂದು ಅಭ್ಯಾಸ ಇದೆ. ಹಸು ಒಂದು ಹೊತ್ತು ಮೇವು ಮುಟ್ಟದಿದ್ದರೆ ರಾತ್ರಿ ಹನ್ನೊಂದಾದರೂ ಪಶುವೈದ್ಯರಿಗೆ ಫೋನು ಮಾಡುತ್ತೇವೆ. ಕೆಚ್ಚಲು ಬಾವು ಬಂದರೆ ಕೈಕಾಲು ಆಡುವುದಿಲ್ಲ. ಅದೇ ಮನೆಯ ಹೆಂಗಸು ತಿಂಗಳಿಂದ ಸರಿಯಾಗಿ ಉಂಡಿಲ್ಲ, ನಿದ್ದೆ ಮಾಡಿಲ್ಲ ಅಂದರೆ "ಅವಳದ್ದು ಇದ್ದದ್ದೇ ಬಿಡಿ" ಅನ್ನುತ್ತೇವೆ. ಬೇಜಾರು ಮಾಡಿಕೊಳ್ಳಬೇಡಿ, ನಮ್ಮ ಮನೆಯನ್ನೂ ಸೇರಿಸಿಯೇ ಹೇಳುತ್ತಿದ್ದೇವೆ.

ಮನಸ್ಸಿನ ಕಾಯಿಲೆಗೆ ಹಳ್ಳಿಯಲ್ಲಿಯೇ ಚಿಕಿತ್ಸೆ ಕೊಡಬಹುದು ಎಂದು ದೇಶಕ್ಕೆ ತೋರಿಸಿಕೊಟ್ಟ ಹೆಮ್ಮೆ ನಮ್ಮ ಕರ್ನಾಟಕದ್ದು. ನಿಮ್ಹಾನ್ಸ್‌ನವರು 1970ರ ದಶಕದಲ್ಲಿ ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಕೇಂದ್ರ ಮಾಡಿಕೊಂಡು, ಹಳ್ಳಿ ಆಸ್ಪತ್ರೆಯ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ಈ ಕಾಯಿಲೆಗಳನ್ನು ಗುರುತಿಸುವ ತರಬೇತಿ ಕೊಡತೊಡಗಿದರು. ಆಮೇಲೆ 1980ರ ದಶಕದಲ್ಲಿ ಅದನ್ನೇ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದರು. ಆ ಬಳ್ಳಾರಿ ಮಾದರಿಯನ್ನೇ ಹಿಡಿದು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ಹುಚ್ಚಾಸ್ಪತ್ರೆ ಅಂದರೆ ಬೆಂಗಳೂರು, ಸರಪಳಿ, ಕಬ್ಬಿಣದ ಬಾಗಿಲು ಅಂದುಕೊಂಡಿದ್ದ ಕಾಲ ಹೋಗಿ ಬಹಳ ದಿನವಾಯಿತು. ನಮ್ಮ ತಿಳುವಳಿಕೆ ಮಾತ್ರ ಅಲ್ಲೇ ನಿಂತಿದೆ.

ಆರೋಗ್ಯ ಶಿಬಿರಕ್ಕೆ ಬಂದಿದ್ದ ಡಾಕ್ಟರೊಬ್ಬರು ಆಫ್ರಿಕಾ ಖಂಡದ ಜಿಂಬಾಬ್ವೆ ದೇಶದ ವಿಚಾರ ಹೇಳಿದರು. ಅಲ್ಲಿ ಮನೋವೈದ್ಯರು ಬಹಳ ಕಡಿಮೆ. ಆದ್ದರಿಂದ ಡಿಕ್ಸನ್ ಚಿಬಾಂಡಾ ಎಂಬ ವೈದ್ಯರು 2006ರಿಂದ ಊರಿನ ಅಜ್ಜಿಯರಿಗೇ ತರಬೇತಿ ಕೊಟ್ಟು, ಆಸ್ಪತ್ರೆಯ ಅಂಗಳದಲ್ಲಿ ಮರದ ಬೆಂಚು ಹಾಕಿ ಕೂರಿಸಿದರಂತೆ. ಸಂಕಟ ಇದ್ದವರು ಬಂದು ಆ ಅಜ್ಜಿಯ ಪಕ್ಕದಲ್ಲಿ ಕೂತು ಹೇಳಿಕೊಳ್ಳುತ್ತಾರೆ. ಅಜ್ಜಿ ಕೇಳಿಸಿಕೊಂಡು, ಅವರ ಕಷ್ಟಗಳಲ್ಲಿ ಮೊದಲು ಯಾವುದಕ್ಕೆ ದಾರಿ ಹುಡುಕೋಣ ಅಂತ ಅವರ ಜೊತೆಗೇ ಯೋಚಿಸುತ್ತಾರೆ. ಇದರಿಂದ ಜನಕ್ಕೆ ಗುಣ ಕಂಡದ್ದು ಪರೀಕ್ಷೆಯಲ್ಲಿ ಸಾಬೀತಾಗಿ 2016ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಕಾಯಿಲೆಗೆ ಅವರ ಭಾಷೆಯಲ್ಲಿ ಇರುವ ಮಾತಿನ ಅರ್ಥ "ಅತಿಯಾಗಿ ಯೋಚನೆ ಮಾಡುವುದು" ಎಂದಂತೆ. ನಮ್ಮಲ್ಲೂ "ಅವನಿಗೆ ಯೋಚ್ನೆ ಹತ್ತಿದೆ" ಅಂತಲೇ ಹೇಳುವುದಲ್ಲವೇ? ಅಲ್ಲಿ ಬೆಂಚು ಹೊಸದಾಗಿ ಹಾಕಬೇಕಾಯಿತು. ನಮ್ಮೂರಲ್ಲಿ ಅರಳಿಕಟ್ಟೆ ಇದೆ, ಡೇರಿಯ ಜಗಲಿ ಇದೆ. ದಿನಕ್ಕೆ ಎರಡು ಹೊತ್ತು ಮನೆಗೊಬ್ಬರಂತೆ ಬಂದು ನಿಲ್ಲುವ ಜಾಗ ಊರಲ್ಲಿ ಡೇರಿ ಬಿಟ್ಟರೆ ಇನ್ನೊಂದಿಲ್ಲ. ದೇವಸ್ಥಾನಕ್ಕೂ ಅಷ್ಟು ಜನ ದಿನಾ ಬರುವುದಿಲ್ಲ.

ಮೊದಲು ಬಟವಾಡೆಯ ದಿನ ಅಂತ ಒಂದಿತ್ತು. ದುಡ್ಡು ಎಣಿಸಿಕೊಂಡು ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಮಾತಾಡಿ ಹೋಗುತ್ತಿದ್ದೆವು. ಈಗ ದುಡ್ಡು ನೇರ ಬ್ಯಾಂಕಿಗೆ ಹೋಗುತ್ತದೆ. ಅದು ಒಳ್ಳೆಯದೇ, ಲೆಕ್ಕ ಚೊಕ್ಕ. ಆದರೆ ಆ ಕೂತು ಮಾತಾಡುವುದು ಅದರ ಜೊತೆಗೇ ಹೋಯಿತು. ಈಗ ಹಾಲು ಅಳೆದರು, ಚೀಟಿ ತಗೊಂಡರು, ಗಾಡಿ ಸ್ಟಾರ್ಟ್ ಮಾಡಿದರು.

ಆ ಸಾವಿನ ನಂತರ ನಿರ್ದೇಶಕರೆಲ್ಲ ಕೂತು ಒಂದು ಸಣ್ಣ ಕೆಲಸ ಶುರು ಮಾಡಿದೆವು. ಯಾವುದೇ ಸದಸ್ಯರ ಹಾಲು ಮೂರು ದಿನ ಬರದಿದ್ದರೆ ಕಾರ್ಯದರ್ಶಿಗಳು ಆ ಬೀದಿಯ ನಿರ್ದೇಶಕರಿಗೆ ತಿಳಿಸುವುದು. ಅವರು ಮನೆಗೆ ಹೋಗಿ ವಿಚಾರಿಸುವುದು. ಹತ್ತರಲ್ಲಿ ಎಂಟು ಮನೆಯಲ್ಲಿ ಹಸು ಕರುವಿಗೆ ಬಂದಿರುತ್ತದೆ ಇಲ್ಲವೇ ಮದುವೆಗೆ ಹೋಗಿರುತ್ತಾರೆ. ಕಾಫಿ ಕುಡಿದು ಬರುತ್ತೇವೆ. ಉಳಿದ ಎರಡು ಮನೆಯಲ್ಲಿ ಮಾತು ಬೇರೆ ಇರುತ್ತದೆ. ನಾವು ಕಲಿತದ್ದು ಏನೆಂದರೆ, ನೇರವಾಗಿ "ನಿನ್ನ ಮನಸ್ಸು ಹೇಗಿದೆ" ಅಂದರೆ ಯಾರೂ ಬಾಯಿ ಬಿಡುವುದಿಲ್ಲ. "ಹಸು ಹೇಗಿದೆ" ಅಂತ ಕೇಳಿ, ಕೊಟ್ಟಿಗೆಗೆ ಹೋಗಿ ಹಸುವಿನ ಮೈ ಸವರುತ್ತಾ ನಿಂತರೆ ಮನುಷ್ಯ ತಾನಾಗಿ ಮಾತಾಡುತ್ತಾನೆ. ಸಾಲದ ಗೋಳಿದ್ದರೆ ಬ್ಯಾಂಕಿಗೆ ಜೊತೆಯಲ್ಲಿ ಹೋಗಿ ಮ್ಯಾನೇಜರ ಹತ್ತಿರ ಕೂತು ಬಂದಿದ್ದೇವೆ. ಸಾಲ ತೀರಲಿಲ್ಲ, ಆದರೆ ಒಬ್ಬರೇ ಹೋಗುವುದಕ್ಕೂ ಇಬ್ಬರು ಹೋಗುವುದಕ್ಕೂ ವ್ಯತ್ಯಾಸ ಇದೆ.

ಎರಡನೆಯದು, ಭಾನುವಾರ ಸಂಜೆ ಹಾಲು ಹಾಕಿದ ಮೇಲೆ ಜಗಲಿಯ ಮೇಲೆ ಕೂರುವುದು. ಮೊದಲ ತಿಂಗಳು ನಿರ್ದೇಶಕರು ಬಿಟ್ಟರೆ ಯಾರೂ ಬರಲಿಲ್ಲ. "ಹುಚ್ಚರ ಸಂಘ ಮಾಡಿದ್ದಾರೆ" ಅಂತ ಕೆಲವರು ನಕ್ಕರು. ಅದನ್ನು ಬಿಟ್ಟು ಭಜನೆ ಇಟ್ಟೆವು, ವಯಸ್ಸಾದವರು ಬಂದರು. ಕೋಲಾಟ ಕಲಿಸುವವರನ್ನು ಕರೆಸಿದೆವು, ಹುಡುಗರು ಬಂದರು. ಹೆಂಗಸರು ಗಂಡಸರ ಮುಂದೆ ಏನು ಹೇಳಿಕೊಂಡಾರು? ಅವರೇ ಬೇರೆ ದಿನ ಮಧ್ಯಾಹ್ನ ಸೇರುತ್ತೇವೆ ಅಂದರು. ಹಳೆಯ ಸೋಬಾನೆ ಹಾಡುಗಳನ್ನು ಹಿರಿಯ ತಾಯಂದಿರಿಂದ ಕಲಿಯುತ್ತಿದ್ದಾರೆ. ಹಾಡಿನ ನಡುವೆ ಅಲ್ಲಿ ಏನು ಮಾತಾಗುತ್ತದೋ ನಾವು ಕೇಳುವುದಿಲ್ಲ, ಕೇಳಲೂಬಾರದು.

ಅಲ್ಲಿಂದಲೇ ಒಬ್ಬ ತಾಯಿಗೆ ದಾರಿ ಸಿಕ್ಕಿತು. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ಹೆರಿಗೆಯಾದ ಮೇಲೆ ನಿದ್ದೆ ಇಲ್ಲ, ಅಳು ನಿಲ್ಲದು, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲ. ಮನೆಯವರು ಯಂತ್ರ ಕಟ್ಟಿಸಿದ್ದರು. ಜೊತೆಯ ಹೆಂಗಸರು ಆಶಾ ಕಾರ್ಯಕರ್ತೆಗೆ ಹೇಳಿ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಾತ್ರೆ ಶುರುವಾಗಿ ಮೊದಲೆರಡು ವಾರ ಏನೂ ಗುಣ ಕಾಣದೆ, ಬಿಟ್ಟುಬಿಡುತ್ತೇನೆ ಅಂದರಂತೆ. ಈ ಮಾತ್ರೆಗಳು ಕೆಲಸ ಮಾಡುವುದಕ್ಕೆ ಕೆಲವು ವಾರ ಬೇಕು, ಗುಣವಾಯಿತು ಅಂತ ಡಾಕ್ಟರನ್ನು ಕೇಳದೆ ನಿಲ್ಲಿಸಲೂಬಾರದು ಎಂದು ತಿಳಿಸಿ ಹೇಳಿದರು. ಈಗ ಅವರೇ ಡೇರಿಗೆ ಹಾಲು ತರುತ್ತಾರೆ. ಮಗು ಅವರ ಸೊಂಟದ ಮೇಲಿರುತ್ತದೆ.

ಇನ್ನು ಕೆಲವು ಉಪಯುಕ್ತ ಮಾತುಗಳನ್ನು ಮನೆಗೆ ತೆಗೆದುಕೊಂಡು ಹೋಗಿ.

ಒಂದು, 14416 ನಂಬರು ಬರೆದುಕೊಳ್ಳಿ. ಟೆಲಿ ಮಾನಸ್ ಎಂಬ ಈ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರಿನಿಂದ ಇದೆ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದ ದಿನ ಮನೋವೈದ್ಯರ ತಪಾಸಣೆ ಇಟ್ಟಿದ್ದಾರೆ. ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೋಗಿ.

ಎರಡು, ಯಾರಾದರೂ "ನಾನಿದ್ದು ಏನಾಗಬೇಕು" ಅಂದರೆ ನಕ್ಕು ಬಿಡಬೇಡಿ. "ಸಾಯುವ ಯೋಚನೆ ಬರ್ತಾ ಇದೆಯಾ" ಅಂತ ಪ್ರೀತಿಯಿಂದ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಎದೆಯ ಭಾರ ಇಳಿಯುತ್ತದೆ. ಅಂಥವರನ್ನು ಒಬ್ಬರೇ ಬಿಡಬೇಡಿ, ಆಸ್ಪತ್ರೆಗೆ ಜೊತೆಯಲ್ಲೇ ಹೋಗಿ.

ಮೂರು, ಬೆಳೆಗೆ ಹೊಡೆಯುವ ಔಷಧಿಯನ್ನು ಮನೆಯ ಸೂರಿನಲ್ಲಿ, ಮಂಚದ ಕೆಳಗೆ ಇಡುವುದನ್ನು ಬಿಡಿ. ಬೇಕಾದಷ್ಟೇ ತನ್ನಿ, ಉಳಿದದ್ದನ್ನು ಬೀಗ ಹಾಕಿಡಿ. ಮನೆಯಲ್ಲಿ ಯಾರದಾದರೂ ಮನಸ್ಸು ಸರಿಯಿಲ್ಲದಿದ್ದರೆ ಅದು ಮನೆಯಲ್ಲೇ ಇರಬಾರದು. ಸಂಕಟದ ಆ ಒಂದು ಗಳಿಗೆ ಕಳೆದರೆ ಎಷ್ಟೋ ಜನ ಬದುಕುತ್ತಾರೆ.

ನಾಲ್ಕು, ದಿನಾ ವಿಪರೀತ ಕುಡಿಯುವವರನ್ನು ಮನೆಯಲ್ಲಿ ಕೂಡಿ ಹಾಕಿ ಒಮ್ಮೆಲೇ ಬಿಡಿಸಬೇಡಿ. ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಡಾಕ್ಟರ ಕೈಯಲ್ಲೇ ಬಿಡಿಸಬೇಕು.

ಐದು, ಪೊಲೀಸಿನ ಹೆದರಿಕೆಯಿಂದ ಯಾರನ್ನೂ ಆಸ್ಪತ್ರೆಗೆ ಕರೆದೊಯ್ಯದೆ ಇರಬೇಡಿ. 2017ರ ಮಾನಸಿಕ ಆರೋಗ್ಯ ಕಾಯಿದೆ, ಜೀವ ಕಳೆದುಕೊಳ್ಳಲು ಹೋದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಿ ಅವರಿಗೆ ಆರೈಕೆ ಕೊಡಬೇಕು ಎನ್ನುತ್ತದೆ. ಚಿಕಿತ್ಸೆ ಪಡೆಯುವುದು ಎಲ್ಲರ ಹಕ್ಕು.

ಬಂಧುಗಳೇ, 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಏಕೆ? ಸಾಹುಕಾರನ ಮುಂದೆ ರೈತ ಒಬ್ಬನೇ ನಿಂತರೆ ಸೋಲುತ್ತಾನೆ, ಹತ್ತು ಜನ ಸೇರಿದರೆ ಉಳಿಯುತ್ತಾನೆ ಅಂತ. ದುಡ್ಡಿನ ಕಷ್ಟಕ್ಕೆ ನಿಜವಾದದ್ದು ಮನಸ್ಸಿನ ಕಷ್ಟಕ್ಕೂ ನಿಜ. ನಾವು ಡಾಕ್ಟರಲ್ಲ, ಕಾಯಿಲೆ ವಾಸಿ ಮಾಡಲಾರೆವು. ಬಾಗಿಲು ತಟ್ಟಬಲ್ಲೆವು, ಜೊತೆಯಲ್ಲಿ ಆಸ್ಪತ್ರೆಗೆ ಹೋಗಬಲ್ಲೆವು, ಕೇಳಿದ ಮಾತನ್ನು ನಾಲ್ಕು ಜನಕ್ಕೆ ಹಂಚದೆ ಇಟ್ಟುಕೊಳ್ಳಬಲ್ಲೆವು. ಇದಕ್ಕೆ ಷೇರು ಹಣ ಬೇಡ, ಅನುದಾನ ಬೇಡ.

ಮುಂದಿನ ಮಹಾಸಭೆಯಲ್ಲಿ ಮೂರು ದಿನದ ವಿಚಾರಣೆಯನ್ನು ಸಂಘದ ಕಾಯಂ ಕೆಲಸವಾಗಿ ಠರಾವು ಮಾಡಬೇಕೆಂದು ಸದಸ್ಯರಲ್ಲಿ ಕೇಳಿಕೊಳ್ಳುತ್ತೇವೆ. ನಿರ್ದೇಶಕರು ಬದಲಾದರೂ ಅದು ನಿಲ್ಲಬಾರದು. ಅಲ್ಲಿಯತನಕ ನೀವೂ ಒಂದು ಕೆಲಸ ಮಾಡಿ. ನಾಳೆ ಬೆಳಿಗ್ಗೆ ಹಾಲು ಹಾಕಲು ಬಂದಾಗ ನಿಮ್ಮ ಹಿಂದೆ ಮುಂದೆ ನಿಲ್ಲುವವರು ಬಂದಿದ್ದಾರಾ ಅಂತ ನೋಡಿ. ಬರದಿದ್ದರೆ ಮನೆಗೆ ಹೋಗುವಾಗ ಅವರ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲಿ.



ಜೈ ಸಹಕಾರ.