ದಿನದ ಊಟಕ್ಕೆ ಹೊಸ ರುಚಿ, ಹಿತ್ತಲಿಗೆ ಹೊಸ ಜೀವ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



"ಇವತ್ತೂ ಅದೇ ಸಾರೇ?" ಎಂಬ ಪ್ರಶ್ನೆ ಕೇಳಿಬರದ ಮನೆ ಮಲೆನಾಡಿನಲ್ಲಿ ವಿರಳ. ಅನ್ನ, ಬೇಳೆ ಸಾರು, ಸಂತೆಯಿಂದ ತಂದ ಆಲೂಗಡ್ಡೆಯ ಇಲ್ಲವೇ ಎಲೆಕೋಸಿನ ಪಲ್ಯ, ಮಜ್ಜಿಗೆ, ಉಪ್ಪಿನಕಾಯಿ – ಅನೇಕ ಮನೆಗಳ ಊಟ ಇಷ್ಟರಲ್ಲಿಯೇ ಸುತ್ತುತ್ತಿರುತ್ತದೆ. ಬೇಸರ ಕಳೆಯಲೆಂದು ಗೃಹಿಣಿಯು ಟಿ.ವಿ.ಯಲ್ಲಿಯೋ ಮೊಬೈಲಿನಲ್ಲಿಯೋ ಕಂಡ ಹೊಸ ಅಡಿಗೆಗೆ ಕೈಹಾಕಿದರೆ, ಅದಕ್ಕೆ ಬೇಕಾದ ಪನೀರು, ದೊಣ್ಣೆಮೆಣಸು, ಸಾಸುಗಳಿಗಾಗಿ ಪೇಟೆಯ ಬಸ್ಸು ಹತ್ತಬೇಕು. ಅದೇ ಹೊತ್ತಿನಲ್ಲಿ ಹಿತ್ತಲಿನ ಹಲಸು ಬಿದ್ದು ಕೊಳೆಯುತ್ತಿರುತ್ತದೆ. ತೋಟದ ತಂಪಿನಲ್ಲಿ ಒಂದೆಲಗ ಕಾಲಡಿ ಸಿಕ್ಕಿ ನಲುಗುತ್ತಿರುತ್ತದೆ. ಊಟದಲ್ಲಿ ಹೊಸತನ ಬೇಕೆಂಬ ಬಯಕೆ ಸಹಜವಾದದ್ದು. ಆ ಹೊಸತನವನ್ನು ಎಲ್ಲಿ ಹುಡುಕಬೇಕು ಎಂಬುದು ಇಂದಿನ ವಿಚಾರ.

ಹೊರಗಿನಿಂದ ಬಂದದ್ದೆಲ್ಲ ತ್ಯಾಜ್ಯವೆಂದು ಹೇಳುವುದು ಈ ಮಾತಿನ ಉದ್ದೇಶವಲ್ಲ. ಹಸಿಮೆಣಸು, ಟೊಮೇಟೊ, ಆಲೂಗಡ್ಡೆ, ಗೇರು – ಇವೆಲ್ಲವೂ ಅಮೆರಿಕ ಖಂಡಗಳ ಸಸ್ಯಗಳು. 15ನೆಯ ಶತಮಾನದ ಕೊನೆಯಲ್ಲಿ ಯುರೋಪಿಯನ್ನರ ದೂರದ ಸಮುದ್ರಯಾನಗಳು ಆರಂಭವಾದ ಮೇಲೆಯೇ ಅವು ಭಾರತಕ್ಕೆ ಬಂದವು. ಅದಕ್ಕೂ ಮೊದಲು ಇಲ್ಲಿನ ಅಡಿಗೆಗೆ ಖಾರವನ್ನು ಕೊಟ್ಟದ್ದು ಕಾಳುಮೆಣಸು ಮತ್ತು ಶುಂಠಿ. ಹೊಸ ಕಾಯಿಯೊಂದು ಊರಿಗೆ ಬಂದಾಗ ಅದನ್ನು ಗೊಜ್ಜಿಗೂ ಹುಳಿಗೂ ಹಾಕಿ ನೋಡಿ ಒಗ್ಗಿಸಿಕೊಂಡವರು ಹಿಂದಿನ ಕಾಲದ ಹೆಂಗಸರೇ. ಪ್ರಯೋಗವೆಂಬುದು ಮಲೆನಾಡಿನ ಒಲೆಗೆ ಎಂದೂ ಅಪರಿಚಿತವಾಗಿರಲಿಲ್ಲ.

ಆ ಪ್ರಯೋಗಕ್ಕೊಂದು ಕ್ರಮವಿತ್ತು ಎಂಬುದನ್ನು ಗಮನಿಸಬೇಕು. ತಂಬುಳಿ, ಗೊಜ್ಜು, ಹುಳಿ, ಪಲ್ಯ, ಚಟ್ನಿ, ದೋಸೆ, ಕಡುಬು – ಇವು ಒಂದೊಂದು ಅಚ್ಚುಗಳಿದ್ದಂತೆ. ಅಚ್ಚು ಹಾಗೆಯೇ ಉಳಿಯುತ್ತದೆ, ಒಳಗಿನ ವಸ್ತು ಋತುವಿಗೆ ತಕ್ಕಂತೆ ಬದಲಾಗುತ್ತದೆ. ತಂಬುಳಿಯನ್ನೇ ನೋಡಿರಿ. ಸೊಪ್ಪನ್ನು ಹಸಿಯಾಗಿಯೋ ತುಪ್ಪದಲ್ಲಿ ಬಾಡಿಸಿಯೋ ಜೀರಿಗೆ, ಕಾಳುಮೆಣಸು, ತೆಂಗಿನತುರಿಯೊಡನೆ ಅರೆದು ಮಜ್ಜಿಗೆಗೆ ಬೆರೆಸಿದರೆ ಮುಗಿಯಿತು. ಒಂದೆಲಗ, ದೊಡ್ಡಪತ್ರೆ, ನೆಲ್ಲಿಕಾಯಿ, ಶುಂಠಿ, ಮೆಂತ್ಯ, ದಾಳಿಂಬೆ ಸಿಪ್ಪೆ, ಬೇಲಿಯ ಸಾಲಿನ ಕನ್ನೆಕುಡಿ – ಒಂದೇ ಅಚ್ಚಿನಲ್ಲಿ ವಾರದ ಏಳು ದಿನಕ್ಕೂ ಏಳು ರುಚಿ. ಮಳೆ ಹಿಡಿದೊಡನೆ ಮೇಲೇಳುವ ಚಗಟೆಯ ಎಳೆಸೊಪ್ಪು ಪಲ್ಯಕ್ಕೂ ವಡೆಗೂ ಒದಗುತ್ತದೆ. ಸೌತೆಕಾಯಿ ಮತ್ತು ಹಲಸಿನ ಹಣ್ಣು ದೋಸೆಯ ಹಿಟ್ಟಿಗೂ ಸೇರುತ್ತವೆ. ಮಕ್ಕಳ ಮುಂದೆ ಅಪರಿಚಿತ ಪದಾರ್ಥವನ್ನು ಅಪರಿಚಿತ ರೂಪದಲ್ಲಿಟ್ಟರೆ ಅವರು ಮುಖ ತಿರುಗಿಸುತ್ತಾರೆ. ಪರಿಚಿತವಾದ ದೋಸೆಯಲ್ಲಿ ಅದೇ ಪದಾರ್ಥ ಬಂದರೆ ತಿಂದು ನೋಡುತ್ತಾರೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುವುದು ಅಡಿಗೆಮನೆಯಲ್ಲಿಯೂ ಒಳ್ಳೆಯ ಪ್ರಯೋಗದ ನಿಯಮ.

ಈ ವೈವಿಧ್ಯ ನಾಲಗೆಗೆ ಮಾತ್ರ ಬೇಕಾದುದಲ್ಲ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿಗಳು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಲೆಕ್ಕದಲ್ಲಿ ಆಲೂಗಡ್ಡೆ ಸೇರುವುದಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂನ ಆಸುಪಾಸು. ದೋಸೆಯ ಅಕ್ಕಿಯಲ್ಲಿ ಕಾಲುಭಾಗವನ್ನು ತೆಗೆದು ರಾಗಿ ಸೇರಿಸಿದರೂ ವ್ಯತ್ಯಾಸವಾಗುತ್ತದೆ. ಸೊಪ್ಪಿನಲ್ಲಿರುವ ಕಬ್ಬಿಣದಂಶವು ಹುಳಿಹಣ್ಣಿನ 'ಸಿ' ಜೀವಸತ್ವದೊಡನೆ ಸೇರಿದಾಗ ದೇಹಕ್ಕೆ ಹೆಚ್ಚಾಗಿ ಹಿಡಿಯುತ್ತದೆ; ಊಟದೊಡನೆಯೇ ಚಹಾ ಕುಡಿದರೆ ಕಡಿಮೆಯಾಗುತ್ತದೆ. ಸೊಪ್ಪಿನ ಪಲ್ಯಕ್ಕೆ ಇಳಿಸುವ ಮುನ್ನವಲ್ಲ, ಇಳಿಸಿದ ಮೇಲೆ ನಿಂಬೆರಸ ಹಿಂಡುವುದು ಲೇಸು. ಏಕೆಂದರೆ ಈ ಜೀವಸತ್ವ ಬಿಸಿಗೆ ನಾಶವಾಗುತ್ತದೆ.

ಅಡಿಗೆಯ ಕ್ರಮದಲ್ಲಿ ಜ್ಞಾನವೂ ಅಡಗಿದೆ. ಕೆಸುವಿನ ಎಲೆ ಗಂಟಲು ತುರಿಸುವುದು ಅದರಲ್ಲಿರುವ ಸೂಜಿಯಾಕಾರದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿಂದ. ಪತ್ರೊಡೆಗೆ ಹುಣಸೆ ಸೇರಿಸಿ ಹಬೆಯಲ್ಲಿ ಚೆನ್ನಾಗಿ ಬೇಯಿಸುವುದೂ, ಕರಕಲಿಗೆ ಹುಳಿಯನ್ನು ಧಾರಾಳವಾಗಿ ಹಾಕಿ ಬಹಳ ಹೊತ್ತು ಕುದಿಸುವುದೂ ಇದೇ ಕಾರಣಕ್ಕಾಗಿ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ವಸ್ತುವಿದೆ. ಅದನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು-ಮೂರು ದಿನ ನೆನೆಸಿ, ಬೇಯಿಸಿದ ನೀರನ್ನೂ ಚೆಲ್ಲಬೇಕೆಂಬ ಹಿರಿಯರ ಪದ್ಧತಿಗೆ ಆಧಾರವಿದೆ. ಹೊಸ ರುಚಿಯ ಉತ್ಸಾಹದಲ್ಲಿ ಈ ಹಂತಗಳನ್ನು ಬಿಡುವಂತಿಲ್ಲ. ಗುರುತು ಖಚಿತವಿಲ್ಲದ ಸೊಪ್ಪನ್ನಾಗಲಿ ಅಣಬೆಯನ್ನಾಗಲಿ ಪಾತ್ರೆಗೆ ಹಾಕಲೇಬಾರದು.

ಇಲ್ಲಿಯೇ ಪರಿಸರದ ಪ್ರಶ್ನೆ ಎದುರಾಗುತ್ತದೆ. ಜಗತ್ತಿನಲ್ಲಿ ಆಹಾರಕ್ಕಾಗಿ ಸುಮಾರು 6,000 ಸಸ್ಯಜಾತಿಗಳನ್ನು ಬೆಳೆಸಿದ್ದರೂ, ಒಟ್ಟು ಬೆಳೆಯ ಉತ್ಪಾದನೆಯ ಶೇ. 66ರಷ್ಟು ಬರುವುದು ಕೇವಲ ಒಂಬತ್ತು ಬೆಳೆಗಳಿಂದ ಎಂದು ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆ 2019ರ ತನ್ನ ವರದಿಯಲ್ಲಿ ತಿಳಿಸಿತು. ಈ ಸಂಕುಚನ ಮಲೆನಾಡಿನ ಬೇಲಿಯೊಳಗೂ ನಡೆಯುತ್ತಿದೆ. ಉಪ್ಪುಸೊಳೆ ಹಾಕುವ ಪದ್ಧತಿ ನಿಂತ ಮನೆಯಲ್ಲಿ ಹಲಸಿನ ಮರ ನಾಟಾದ ಲೆಕ್ಕಕ್ಕೆ ಇಳಿಯುತ್ತದೆ. ಅಪ್ಪೆಹುಳಿಯ ಹದ ತಿಳಿದವರಿಲ್ಲದಿದ್ದರೆ ಹೊಳೆಯಂಚಿನ ಅಪ್ಪೆಮಿಡಿಯ ಮರವನ್ನು ಕಾಯುವವರಿರುವುದಿಲ್ಲ. ಹಿತ್ತಲನ್ನೂ ನುಂಗಿ ಅಡಿಕೆ ಹಬ್ಬಿದಲ್ಲಿ ಸುವರ್ಣಗಡ್ಡೆಗೂ ಬಸಳೆಗೂ ಜಾಗವಿಲ್ಲ. ಸಸ್ಯದ ಉಳಿವು ಅದರ ಬಳಕೆಯನ್ನು ಅವಲಂಬಿಸಿದೆ. ಅಡಿಗೆ ಮರೆತರೆ ಸಸ್ಯವೂ ಮರೆಯಾಗುತ್ತದೆ.

ಅಡಿಕೆ ತೋಟದ ನೆಲದ ಸೊಪ್ಪನ್ನು ಕೊಯ್ಯುವವರು ಇನ್ನೊಂದು ಎಚ್ಚರಿಕೆ ವಹಿಸಬೇಕು. ಕೊಳೆರೋಗಕ್ಕೆಂದು ಮಳೆಗಾಲದ ಆರಂಭದಲ್ಲಿ ಒಮ್ಮೆ, 40-45 ದಿನಗಳ ಬಳಿಕ ಮತ್ತೊಮ್ಮೆ ಶೇ. 1ರ ಬೋರ್ಡೊ ದ್ರಾವಣವನ್ನು ಸಿಂಪಡಿಸುತ್ತಾರೆ. 100 ಲೀಟರಿಗೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ. ಕೊನೆಗೆ ಹೊಡೆದ ಔಷಧ ಕೆಳಗಿನ ಒಂದೆಲಗದ ಮೇಲೂ ಬೀಳುತ್ತದೆ. ಸಿಂಪಡಣೆಯ ನಂತರ ಆ ಸೊಪ್ಪನ್ನು ಬಿಟ್ಟು, ಹೊಸ ಚಿಗುರು ಬಂದ ಮೇಲೆ ತೊಳೆದು ಬಳಸಬೇಕು. ಕಳೆನಾಶಕ ಹೊಡೆದ ನೆಲದ ಸೊಪ್ಪಂತೂ ಊಟಕ್ಕೆ ಸಲ್ಲದು. ಮನೆಯ ಬಚ್ಚಲುನೀರು ಹರಿಯುವ ಕಡೆ, ಸಾಬೂನಿನ ನೀರು ತಾಗದಂತೆ, ತೋಟದಿಂದ ದೂರ ಒಂದು ಸೊಪ್ಪಿನ ಪಾತಿ ಮಾಡಿಕೊಂಡರೆ ಈ ಆತಂಕವಿಲ್ಲ.

ಕೊನೆಯದಾಗಿ, ಸಭೆಯಲ್ಲಿರುವ ಗಂಡಸರು ಕೇಳಬೇಕಾದ ಮಾತು. ಊಟದ ವೈವಿಧ್ಯವೆಂದರೆ ಸೊಪ್ಪು ಆರಿಸುವ, ಸೊಳೆ ಬಿಡಿಸುವ, ಅರೆಯುವ ಕೆಲಸವೂ ಹೌದು. ಹಲಸಿನ ಮೇಣ ಅಂಟುವುದು ಯಾರದೋ ಒಬ್ಬರ ಕೈಗೆ. ಮುಂಜಾನೆಯಿಂದ ಕೊಟ್ಟಿಗೆ, ತೋಟ, ಒಲೆ ಎಂದು ದುಡಿದವಳ ಮೇಲೆ ಇದೂ ಬಿದ್ದರೆ, ಬೇಳೆ ಸಾರಿಗೇ ಮರಳುವ ಆಕೆಯನ್ನು ಯಾರೂ ದೂರುವಂತಿಲ್ಲ. ಹಲವು ಹಳೆಯ ಅಡಿಗೆಗಳು ಕಾಣೆಯಾಗಲು ರುಚಿಯ ಬದಲಾವಣೆಗಿಂತ ಕೈಗಳ ಕೊರತೆಯೇ ಕಾರಣ. ಕೂಡುಕುಟುಂಬದಲ್ಲಿ ನಾಲ್ವರು ಹಂಚಿಕೊಳ್ಳುತ್ತಿದ್ದ ಕೆಲಸ ಇಂದು ಒಬ್ಬಳದಾಗಿದೆ. ಆದುದರಿಂದ ಹೊಸ ರುಚಿ ಕೇಳುವವರು ಮೊದಲು ಮೆಟ್ಟುಗತ್ತಿಯ ಮುಂದೆ ಕುಳಿತುಕೊಳ್ಳಬೇಕು.

ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. ವಾರಕ್ಕೆ ಒಂದು ದಿನ ಮನೆಯಲ್ಲಿ ಒಂದು ಹೊಸ ಪದಾರ್ಥವನ್ನು ಮಾಡಲು ನೆರವಾಗಲಿ. ನೋಟುಪುಸ್ತಕದಲ್ಲಿ ಸಸ್ಯದ ಊರಿನ ಹೆಸರು, ಸಿಗುವ ತಿಂಗಳು, ತಿನ್ನುವ ಭಾಗ, ವಿಷ ಕಳೆಯುವ ಕ್ರಮ, ಹೇಳಿಕೊಟ್ಟ ಅಜ್ಜಿಯ ಹೆಸರು – ಇಷ್ಟನ್ನು ಬರೆದಿಡಲಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು. ಅಜ್ಜಿಯ ಒಪ್ಪಿಗೆ ಪಡೆದು ಆ ಪುಟಗಳನ್ನು ಸಮಿತಿಗೆ ಒಪ್ಪಿಸಿದರೆ ದಾಖಲಾತಿಗೆ ಜೀವ ಬರುತ್ತದೆ. ಹೇಳಿಕೊಡುವ ಹಿರಿಯರು ಇರುವಾಗಲೇ ಈ ಕೆಲಸ ನಡೆಯಬೇಕು. ಈ ಮಳೆಗಾಲದಲ್ಲಿಯೇ ಅದು ಆರಂಭವಾಗಲಿ.